‘ನೀವು’ ಅಂದರೆ ಎಷ್ಟು ಮಂದಿ

ಪುಣೆಯ ಬಿಬವೇವಾಡಿಯಲ್ಲಿ ಶಿವಕಾಂತಾ ಎಂದು ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ‘ತಕ್ಕಡಿ ಬಾಯಿ’ ಅನ್ನಿ, ಕಿರಾಣಿ ಅಂಗಡಿಯವನು ಕೈಯಲ್ಲಿದ್ದ ಗಿರಾಕಿಯನ್ನು ಬಿಟ್ಟು ಬಂದು ಮನೆ ತೋರಿಸುತ್ತಾನೆ. ಹೆಗಲಿಗೊಂದು ಚೀಲ, ಚೀಲದೊಳಗೊಂದು ತಕ್ಕಡಿ, ಒಂದರೊಳಗೊಂದು ಕೂರುವ ಹನ್ನೆರಡು ಸ್ಟೀಲಿನ ಬಟ್ಟಲು, ಕಂಕುಳಲ್ಲಿ ಫಾರಂಗಳ ಕಟ್ಟು. ಕಂಡವರ ಅಡುಗೆಮನೆಗೆ ಹೋಗಿ, ‘ನಿನ್ನೆ ಏನು ಉಂಡಿರಿ, ಎಷ್ಟು ಉಂಡಿರಿ’ ಅಂತ ಕೇಳಿ ಬರೆದುಕೊಂಡು ಬರುವುದೇ ಆಕೆಯ ನೌಕರಿ.

ನಗಬೇಡಿ. ದೇಶ ಆಳುವವರಿಗೆ ದೇಶ ಏನು ಉಣ್ಣುತ್ತದೆ ಅಂತ ಗೊತ್ತಿರಬೇಕೋ ಬೇಡವೋ? ದಿಲ್ಲಿಯಲ್ಲಿ ಕೂತವರು ಯಾರ ಮನೆಯ ರೊಟ್ಟಿ ಬುಟ್ಟಿಯ ಮುಚ್ಚಳ ಎತ್ತಿ ನೋಡಿದ್ದಾರೆ? ಯಾರಿಗೆ ಬೇಳೆ ಕೊಡಬೇಕು, ಯಾವ ಬಸುರಿಗೆ ಪೌಷ್ಟಿಕ ಆಹಾರ ಕೊಡಬೇಕು ಅನ್ನುವುದೆಲ್ಲ ಕೊನೆಗೆ ಶಿವಕಾಂತಾಳಂಥವರು ತುಂಬಿ ತಂದ ಫಾರಮ್ಮಿನ ಮೇಲೇ ನಿಂತಿರುತ್ತದೆ. ಇದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಆಕೆಯ ನಡಿಗೆಯಲ್ಲಿ ಒಂದು ಬಿಗುಮಾನ ಇತ್ತು, ಯಾಕಿರಬಾರದು?

ಆಕೆಯ ಅಪ್ಪ ಅವ್ವಣ್ಣ ಸುರಪುರದ ಕಡೆಯ ಗೌಂಡಿ. ಪುಣೆಯ ಅರ್ಧ ಗೋಡೆ ತಾನೊಬ್ಬನೇ ಎಬ್ಬಿಸಿದವನ ಹಾಗೆ ಮಾತಾಡುತ್ತಿದ್ದ. ಮಗಳನ್ನು ಮುನಸಿಪಾಲಿಟಿಯ ಮರಾಠಿ ಶಾಲೆಗೆ ಹಾಕಿ ಹನ್ನೆರಡನೆಯ ತರಗತಿಯವರೆಗೆ ಓದಿಸಿದ. ಹೀಗಾಗಿ ಹುಡುಗಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ. ಮೂರರಲ್ಲೂ ಜಗಳ ಆಡಬಲ್ಲಳು. ಮುಂದೆ ಹುಲಿಗೆಪ್ಪನ ಜೊತೆ ಮದುವೆಯಾಯಿತು. ಹುಲಿಗೆಪ್ಪ ಚಾಕಣದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ದುಡಿಯುವ ಸಾಧು ಮನುಷ್ಯ. ಹೆಂಡತಿಯ ಬಾಯಿಗೆ ಅಂಜುತ್ತಿದ್ದ, ಆ ಬಾಯಿಯ ಬಗ್ಗೆ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದ.

ಆ ಬಾಯಿಯೇ ನೌಕರಿ ಕೊಡಿಸಿದ್ದು. ತೊಂಬತ್ತನಾಲ್ಕರಲ್ಲಿ ಓಣಿಗೆ ಸರ್ವೇ ಮಾಡುವವರು ಬಂದಿದ್ದರು. ಪಕ್ಕದ ಮನೆಯ ಸಾಬವ್ವ ಆಗಷ್ಟೇ ಯಾದಗಿರಿಯಿಂದ ಬಂದವಳು, ಮರಾಠಿ ಬಾರದು. ‘ಪುಂಡಿಪಲ್ಯ ಉಂಡೀವ್ರಿ’ ಅಂದಳು. ಸರ್ವೇ ಹುಡುಗಿ ಪಲ್ಯ ಅನ್ನುವುದನ್ನು ಅರೆಬರೆ ಕೇಳಿಸಿಕೊಂಡು ‘ಪಾಲಕ್’ ಅಂತ ಬರೆದಳು. ಕಟ್ಟೆಯ ಮೇಲೆ ಪಾತ್ರೆ ತಿಕ್ಕುತ್ತಿದ್ದ ಶಿವಕಾಂತಾ ಅಲ್ಲಿಂದಲೇ ಮರಾಠಿಯಲ್ಲಿ ಕೂಗಿದಳು: ಅದು ಪಾಲಕ್ ಅಲ್ಲ ಬಾಯಿ, ನಿಮ್ಮ ಅಂಬಾಡಿ! ಹುಳಿ ಇರ್ತದೆ, ಪಾಲಕ್ ಎಲ್ಲಿ ಹುಳಿ ಇರ್ತದೆ?

ಹಿಂದೆ ನಿಂತಿದ್ದ ಸಾಹೇಬರು ಜೋರಾಗಿ ನಕ್ಕರು. ಅವರ ಹೆಸರು ಮಾರ್ತಾಂಡರಾವ್, ಬಿಜಾಪುರದ ಕಡೆಯವರು, ಸಮೀಕ್ಷೆಯ ಪುಣೆ ಆಫೀಸಿನ ಮುಖ್ಯಸ್ಥರು.

“ನಿಮಗ ಕನ್ನಡ ಬರ್ತದೇನ್ರಿ?” ಅಂತ ಕೇಳಿದರು.

“ಬರ್ದೇ ಏನ್ರಿ, ತಾಯಿ ಹೊಟ್ಟ್ಯಾಗಿಂದ ತಂದೀನಿ!” ಅಂದಳು ಶಿವಕಾಂತಾ, ಕೈಯ ಬೂದಿ ಕೊಡವುತ್ತ.

“ಹಂಗಾರ ನಾಳೆ ಶಿವಾಜಿನಗರದ ಆಫೀಸಿಗಿ ಬರ್ರಿ.”

ಮಾರ್ತಾಂಡರಾವ್ ದೊಡ್ಡ ಮನುಷ್ಯ, ಒಳ್ಳೆಯ ಮನುಷ್ಯ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಒಂದೇ ಪಾಠ ಹೇಳುತ್ತಿದ್ದರು. “ನೀವು ಮಂದಿ ಅಡಗಿಮನಿಗಿ ಹೊಂಟೀರಿ. ಅಲ್ಲಿ ಯಾರಿಗೂ ‘ನೀ’ ಅನಬಾರದು. ಹರಕ ಸೀರಿ ಉಟ್ಟಾಕಿಗೂ ‘ನೀವು’ ಅನಬೇಕು. ಮರಾಠಿಯೊಳಗಾದ್ರ ‘ತುಮ್ಹಿ’. ಮರ್ಯಾದಿ ಕೊಟ್ರ ಮಂದಿ ಖರೇ ಹೇಳ್ತಾರ.” ಕೈಪಿಡಿಯಲ್ಲೂ ಹಾಗೇ ಅಚ್ಚಾಗಿತ್ತು: ‘ನಿನ್ನೆ ನೀವು ಏನೇನು ತಿಂದಿರಿ?’ ಅದನ್ನು ಕೈಪಿಡಿಯಲ್ಲಿದ್ದಂತೆಯೇ ಕೇಳಬೇಕು, ಅಕ್ಷರ ಬದಲಿಸುವಂತಿಲ್ಲ. ಇಡೀ ದೇಶದಲ್ಲಿ ಒಂದೇ ಪ್ರಶ್ನೆ ಕೇಳಿದರೆ ತಾನೇ ಉತ್ತರಗಳನ್ನು ಒಂದಕ್ಕೊಂದು ಹೋಲಿಸಲು ಬರುವುದು? ಮಾತು ಸರಿಯೇ ಇತ್ತು.

ಏಳು ವರ್ಷ ಶಿವಕಾಂತಾ ಹಾಗೆಯೇ ಕೇಳಿದಳು. ರೊಟ್ಟಿ ಕಂಡರೆ ತೂಕ ಹೇಳುವಷ್ಟು ಪಳಗಿದಳು. ಹೆಂಗಸರು ‘ಇಷ್ಟೇ ಇಷ್ಟು ಎಣ್ಣಿ’ ಅಂದಾಗ ಆ ‘ಇಷ್ಟೇ ಇಷ್ಟು’ ಎಷ್ಟನೆಯ ಬಟ್ಟಲು ಅಂತ ತೆಗೆದು ತೋರಿಸುತ್ತಿದ್ದಳು. ಆಕೆಯ ಫಾರಂ ಅಂದರೆ ಆಫೀಸಿನಲ್ಲಿ ಎರಡನೆಯ ಸಲ ನೋಡುತ್ತಿರಲಿಲ್ಲ, ಸೀದಾ ಮೊಹರು ಬೀಳುತ್ತಿತ್ತು.

ಎರಡು ಸಾವಿರದ ಒಂದರಲ್ಲಿ ಬಂತು ನೋಡಿ ಪೇಚು. ಆ ಸಲ ಮೊದಲ ಬಾರಿಗೆ ಪಟ್ಟಣಗಳ ಲೇಬರ್ ಕ್ಯಾಂಪುಗಳನ್ನೂ ಸಮೀಕ್ಷೆಗೆ ಸೇರಿಸಿದ್ದರು. ಊರು ಬಿಟ್ಟು ಬಂದು ಕಟ್ಟಡ ಕಟ್ಟುವವರ ತಗಡಿನ ಶೆಡ್ಡುಗಳಿವೆಯಲ್ಲ, ಅವು. ಅಲ್ಲಿನ ಹೆಂಗಸರಿಗೆ ಹೊಟ್ಟೆಗೆ ಸಾಲುತ್ತಿಲ್ಲ ಅಂತ ಅಂಕಿ ತೋರಿಸಿದರೆ ಕ್ಯಾಂಪಿಗೊಂದು ಅಂಗನವಾಡಿ, ಬಸುರಿ ಬಾಣಂತಿಯರಿಗೆ ಆಹಾರ. ಸಾಲುತ್ತಿದೆ ಅಂದರೆ ಏನೂ ಇಲ್ಲ, ಕಡತ ಮುಚ್ಚಿತು. ಬಿಬವೇವಾಡಿಯ ಆಚೆ ಗುಡ್ಡದ ಬುಡದಲ್ಲಿದ್ದ ಕ್ಯಾಂಪಿನ ನಲವತ್ತು ಶೆಡ್ಡು ಶಿವಕಾಂತಾಳ ಪಾಲಿಗೆ ಬಂದವು. ತನ್ನದೇ ಭಾಷೆಯ ಜನ, ತನ್ನ ಅಪ್ಪನ ಕಸುಬಿನ ಜನ. ‘ಇದು ನನಗೆ ನೀರು ಕುಡಿದಷ್ಟು ಸಲೀಸು’ ಅಂದುಕೊಂಡು ಹೊರಟಳು.

ಎರಡು ದಿನದಲ್ಲಿ ಹನ್ನೆರಡು ಶೆಡ್ಡು ಮುಗಿಸಿದಳು. ಹದಿಮೂರನೆಯದು ಕಾಶವ್ವನದು. ಏಳು ತಿಂಗಳ ಬಸುರಿ, ಸಿಮೆಂಟಿನ ಪುಟ್ಟಿ ಹೊತ್ತು ಆಗಷ್ಟೇ ಬಂದು ಕೂತಿದ್ದಳು. ಶಿವಕಾಂತಾ ಕೈಪಿಡಿಯಂತೆ, “ನಿನ್ನಿ ನೀವು ಏನೇನ ಉಂಡ್ರಿ?” ಅಂದಳು.

“ಮುಂಜಾನಿ ರೊಟ್ಟಿ, ಬ್ಯಾಳಿ. ಸಂಜಿಗಿ ರೊಟ್ಟಿ, ಪುಂಡಿಪಲ್ಯ, ಅನ್ನ.”

“ರೊಟ್ಟಿ ಎಷ್ಟು?”

“ತಲಿಗಿ ಮೂರು ಬರ್ತಾವ್ರಿ.”

ಶಿವಕಾಂತಾ ಗಂಡನ ಸಾಲಿನಲ್ಲಿ ಮೂರು, ಮಾವನ ಸಾಲಿನಲ್ಲಿ ಮೂರು, ಕಾಶವ್ವನ ಸಾಲಿನಲ್ಲೂ ಮೂರು ಬರೆದು, ಬಟ್ಟಲುಗಳನ್ನು ಚೀಲಕ್ಕೆ ತುಂಬಿಕೊಂಡಳು. ಆಕೆಯನ್ನು ಬೀಳ್ಕೊಡಲು ಎದ್ದ ಕಾಶವ್ವ ತಲೆ ತಿರುಗಿ ತಗಡಿಗೆ ಒರಗಿಬಿಟ್ಟಳು. ಶಿವಕಾಂತಾ ಚೀಲ ಎಸೆದು ಓಡಿ ಹಿಡಿದುಕೊಂಡಳು. ಕೈಪಿಡಿ, ಸಾಹೇಬರ ಪಾಠ, ಮರ್ಯಾದೆ, ಎಲ್ಲ ಮರೆತು ಹೋಯಿತು.

“ಏನಬೇ, ನೀ ಏನರೆ ಉಂಡೀಯೋ ಇಲ್ಲೋ?” ಅಂದಳು.

“ನಾ ಏನಕ್ಕಾ?” ಕಾಶವ್ವ ಬೆವರು ಒರೆಸಿಕೊಂಡಳು. “ನಿನ್ನಿ ಎಲ್ಲಾರದೂ ಆದ ಮ್ಯಾಲ ಒಂದ ರೊಟ್ಟಿ ಉಳದಿತ್ತು. ಅದರಾಗ ಅರ್ಧ ಮುಂಜಾನಿ ಕೂಸಿಗಿ ಅಂತ ಇಟ್ಟೀನಿ. ಅರ್ಧ ಉಂಡು ನೀರು ಕುಡದೀನಿ.”

“ಮತ್ತ ಈಗ ಮೂರು ಅಂದ್ಯಲ್ಲ?”

“ಅದು ಮನಿದಕ್ಕಾ,” ಅಂದಳು ಕಾಶವ್ವ, ಇದೇನು ಕೇಳುವ ಮಾತು ಅನ್ನುವ ಹಾಗೆ.

ಶಿವಕಾಂತಾ ಈಗಷ್ಟೇ ಬರೆದ ಫಾರಂ ತಿರುವಿ ನೋಡಿದಳು. ಮೂರು ಎಲ್ಲಿ, ಅರ್ಧ ಎಲ್ಲಿ! ‘ನೀವು’ ಅಂದಾಗ ಒಂದು ಉತ್ತರ, ‘ನೀ’ ಅಂದಾಗ ಇನ್ನೊಂದು. ಪರಕೀಯರು ಮರ್ಯಾದೆಯಿಂದ ಕೇಳಿದರೆ ಜನ ಮರ್ಯಾದೆಯ ಉತ್ತರ ಕೊಡುತ್ತಾರೇನೋ ಅಂದುಕೊಂಡಳು. ಕಾರಣ ಏನೇ ಇರಲಿ, ಏಳು ವರ್ಷ, ಸಾವಿರಾರು ಹೆಂಗಸರು! ಅವರು ಉಣ್ಣದ ರೊಟ್ಟಿಯನ್ನು ತಾನು ತೂಕ ಮಾಡಿ ಬರೆದು, ಸಹಿ ಹಾಕಿ, ಮೊಹರು ಹಾಕಿಸಿ ದಿಲ್ಲಿಗೆ ಕಳಿಸಿದ್ದಾಳೆ. ನಾಚಿಕೆಯಿಂದ ಆಕೆಯ ಮೈ ಬಿಸಿಯಾಯಿತು. ಅದರ ಬೆನ್ನಿಗೇ ಸಿಟ್ಟು ಬಂತು, ತನ್ನ ಮೇಲೇ. ‘ಮಾಡಿದವಳಿಗಿಂತ ಬಡಿಸಿದವಳೇ ಮೇಲು’ ಅಂತ ಗಾದೆ ಕಟ್ಟಿದ ನಮ್ಮ ಹಿರಿಯರೂ ಬಡಿಸಿದವಳು ಉಂಡಳೋ ಇಲ್ಲವೋ ಅಂತ ಕೇಳಲಿಲ್ಲವಲ್ಲ, ಇನ್ನು ಸರ್ಕಾರದ ಫಾರಂ ಏನು ಕೇಳೀತು!

ಆದರೆ ಶಿವಕಾಂತಾ ತಲೆಗೆ ಕೈ ಹೊತ್ತು ಕೂರುವ ಪೈಕಿ ಅಲ್ಲ. ಉಳಿದ ಇಪ್ಪತ್ತೇಳು ಶೆಡ್ಡುಗಳಲ್ಲಿ ಚಾಪೆ ಬೇಡ ಅಂತ ನೆಲಕ್ಕೇ ಕೂತಳು. ಮನೆಯವರ ಲೆಕ್ಕ ಮುಗಿದ ಮೇಲೆ ಪೆನ್ನು ಕೆಳಗಿಟ್ಟು, “ಇನ್ನ ನೀ ಹೇಳಬೇ. ನೀ ಏನ ಉಂಡಿ?” ಅಂತ ಕೇಳಿದಳು. ಎಷ್ಟೋ ಹೆಂಗಸರು ಮೊದಲು ನಕ್ಕರು. ಆಮೇಲೆ ಹೇಳಿದರು. ಮೊದಲಿನ ಹನ್ನೆರಡು ಶೆಡ್ಡುಗಳಿಗೂ ಹಿಂದಿರುಗಿ ಹೋಗಿ ಹೊಸ ಫಾರಂ ತುಂಬಿದಳು. ಕಾಶವ್ವನದೂ ಸೇರಿ ಹದಿಮೂರು ಹಳೆಯ ಫಾರಂಗಳನ್ನು ಹರಿದು ಒಲೆಗೆ ಹಾಕಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಹಾಕಲಿಲ್ಲ. ಹಳೆಯದು ಕೆಳಗೆ, ಹೊಸದು ಮೇಲೆ, ಎರಡನ್ನೂ ಸೇರಿಸಿ ಪಿನ್ನು ಚುಚ್ಚಿ ಆಫೀಸಿಗೆ ಒಯ್ದಳು.

ಹುಲಿಗೆಪ್ಪ ಬಾಗಿಲಲ್ಲೇ ಅಂದಿದ್ದ: “ಊರ ಉಸಾಬರಿ ನಿನಗ್ಯಾಕ? ನೌಕರಿ ಕಳಕೊಂಡು ಕುಂಡ್ರತಿ ನೋಡು.”

“ಹೋದ್ರ ಹೋಗಲಿ,” ಅಂದು ಚಪ್ಪಲಿ ಮೆಟ್ಟಿದ್ದಳು.

ಮಾರ್ತಾಂಡರಾವ್ ಫಾರಂಗಳನ್ನು ಒಂದೊಂದಾಗಿ ತಿರುವಿದರು. ಪಕ್ಕದಲ್ಲಿ ಅಪೇಕ್ಷಾ ಕೂತಿದ್ದಳು. ಪೋಷಣೆಯ ವಿಷಯದಲ್ಲಿ ಎಂಎಸ್ಸಿ ಮಾಡಿ ಹೊಸದಾಗಿ ಸೇರಿದ ಹುಡುಗಿ. ಉಡುಪಿ ಕಡೆಯವಳು, ಶಿವಾಜಿನಗರದಲ್ಲಿ ಅವಳ ಅಪ್ಪನದು ಹೋಟೆಲು. ಅಂಕಿ ಕೂಡಿಸಿ ನೋಡಿ ಅವಳು ಮೆಲ್ಲಗೆ, “ಇದು ಹೇಗೆ ಸರ್? ಗಂಡಸರದ್ದು ಸರಿ ಉಂಟು. ಹೆಂಗಸರದ್ದು ಅರ್ಧಕ್ಕಿಂತ ಕಡಿಮೆ. ಬೇರೆ ಯಾರ ಫಾರಮ್ಮಿನಲ್ಲೂ ಹೀಗೆ ಬರ್ಲಿಲ್ಲ,” ಅಂದಳು.

ಸಾಹೇಬರು ಕನ್ನಡಕ ತೆಗೆದರು. “ಶಿವಕಾಂತಾಬಾಯಿ, ಒಂದ ಮನಿಗಿ ಎರಡು ಫಾರಂ ಅದಾವ. ಎರಡರಾಗೂ ನಿಮ್ಮ ಸಹಿ ಅದ. ಯಾವುದು ಸುಳ್ಳು?”

“ಹಳೇದು ಸುಳ್ಳ್ರಿ ಸಾಹೇಬ್ರ.” ರೆಪ್ಪೆ ಬಡಿಯದೆ ಹೇಳಿದಳು.

“ಹಂಗಾರ ಏಳು ವರ್ಷದ್ದೂ ಸುಳ್ಳೇನು?”

“ಹೆಣ್ಣಮಕ್ಕಳ ಸಾಲು ಸುಳ್ಳ್ರಿ.”

ಅಪೇಕ್ಷಾ ಹೌಹಾರಿದಳು. ‘ನೀ’ ಅಂತ ಕೇಳಿದ ಸಂಗತಿಯನ್ನು ಶಿವಕಾಂತಾ ಮುಚ್ಚುಮರೆ ಇಲ್ಲದೆ ಹೇಳಿದಾಗಲಂತೂ ಸಾಹೇಬರ ಮುಖ ಕೆಂಪಾಯಿತು. ಅವರು ಕೂಗಾಡುವ ಪೈಕಿ ಅಲ್ಲ. ದನಿ ಇಳಿಸಿಯೇ ಅಂದರು: ಪ್ರಶ್ನೆ ಬದಲಿಸಿದ್ದೀರಿ, ನಿಯಮ ಮುರಿದಿದ್ದೀರಿ. ಹೊಸ ಫಾರಂ ರದ್ದು ಮಾಡಿ ಹಳೆಯದನ್ನು, ಉಳಿದ ಶೆಡ್ಡುಗಳಿಗೆ ಬೇರೆಯವರು ಕೇಳಿ ತಂದದ್ದನ್ನು ಕಳಿಸಬೇಕಾಗುತ್ತದೆ. ದಿಲ್ಲಿಗೆ ಕಳಿಸುವ ಗಡುವಿಗೆ ಇನ್ನು ನಾಲ್ಕೇ ದಿನ. ಮತ್ತೆ, ಮನೆಯಲ್ಲಿ ಕೂತು ಅಂಕಿ ಹುಟ್ಟಿಸಿದ್ದೀರಿ ಅಂತ ಕಂಡುಬಂದರೆ ನಿಮ್ಮನ್ನು ಇಟ್ಟುಕೊಳ್ಳಲು ಬರುವುದಿಲ್ಲ.

“ಚಲೋ ಆತ್ರಿ. ನೀವೇ ಬಂದು ಕೇಳ್ರಿ. ಯಾವ ಶೆಡ್ಡಿಗಿ ಅಂತೀರಿ ಆ ಶೆಡ್ಡಿಗಿ,” ಅಂದಳು ಶಿವಕಾಂತಾ.

ಸಾಹೇಬರು ಕಟ್ಟಿನ ನಡುವಿನಿಂದ ಒಂದು ಫಾರಂ ಎಳೆದರು. ಹದಿಮೂರನೆಯದು. “ಆದ್ರ ನೀವು ಅಲ್ಲಿ ಬಾಯಿ ಬಿಡಬಾರದು,” ಅಂತ ಕರಾರು ಹಾಕಿದರು.

ಮರುದಿನ ಜೀಪು ಕ್ಯಾಂಪಿಗೆ ಹೋಯಿತು. ಕಾಶವ್ವ ಶೆಡ್ಡಿನ ಮುಂದೆ ಜೋಳ ಹಸನು ಮಾಡುತ್ತಿದ್ದಳು. ಜೀಪು ಕಂಡು ಸೆರಗು ತಲೆಗೆಳೆದುಕೊಂಡು ಎದ್ದಳು. ಶಿವಕಾಂತಾ ದೂರ ನಿಂತಳು. ಮಾತಾಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ಬಾಯಿ ಮುಚ್ಚಿ ನಿಲ್ಲುವುದೆಂದರೆ ಎಂಥ ಶಿಕ್ಷೆ ಅಂತ ಕೇಳಬೇಡಿ.

ಅಪೇಕ್ಷಾ ಕೈಪಿಡಿ ಬಿಡಿಸಿ ನಗುನಗುತ್ತ ಕೇಳಿದಳು: “ಅಕ್ಕಾ, ನಿನ್ನೆ ನೀವು ಏನೇನು ತಿಂದಿರಿ?”

“ರೊಟ್ಟಿ ಉಂಡೀವ್ರಿ. ಬದನಿಕಾಯಿ ಪಲ್ಯ. ಸಂಜಿಗಿ ಬ್ಯಾಳಿ, ಅನ್ನ,” ಅಂದಳು ಕಾಶವ್ವ.

“ರೊಟ್ಟಿ ಎಷ್ಟು ತಿಂದಿರಿ?”

“ತಲಿಗಿ ಮೂರು ಬರ್ತಾವ್ರಿ.”

ಅಪೇಕ್ಷಾ ‘ಮೂರು’ ಅಂತ ಬರೆದಳು. ಮಾರ್ತಾಂಡರಾವ್ ಶಿವಕಾಂತಾಳ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ತಾವೇ ಓಣಿಯಿಂದ ಆರಿಸಿ ತಂದ ಹೆಣ್ಣುಮಗಳು ಹೀಗೆ ಮಾಡಿದಳಲ್ಲ ಅಂತ. ‘ಆಯ್ತು, ಮುಗೀತು ನನ್ನ ಕಥಿ’ ಅಂದುಕೊಂಡಳು ಶಿವಕಾಂತಾ. ಆದರೆ ತನ್ನ ನೌಕರಿಗಿಂತ ಆ ‘ಮೂರು’ ಅನ್ನುವ ಅಂಕಿ ಆಕೆಯನ್ನು ಹೆಚ್ಚು ಚುಚ್ಚಿತು.

ಸಾಹೇಬರು ನ್ಯಾಯವಂತರು. ಹೊರಡುವ ಮುಂಚೆ ಕಾಶವ್ವನನ್ನೇ ಕೇಳಿಬಿಟ್ಟರು. “ಏನವ್ವಾ, ಈ ಬಾಯಿ ಬಂದಾಗ ನಿಮ್ಮ ಹೆಸರಿಗಿ ಅರ್ಧ ರೊಟ್ಟಿ ಅಂತ ಬರದಾರ. ಸುಳ್ಳ ಬರದಾರೇನು?”

ಕಾಶವ್ವ ಮೊರ ಕೆಳಗಿಟ್ಟಳು. “ಅಯ್ಯ, ಸುಳ್ಳ್ಯಾಕ ಬರೀತಾಳ್ರಿ ಪಾಪ! ನಾನೇ ಹೇಳೀನಿ.”

“ಮತ್ತ ಈಗ ಇವರಿಗಿ ಮೂರು ಅಂದ್ರಿ?”

“ಇವರು ‘ನೀವು’ ಅಂದ್ರಲ್ರಿ,” ಅಂದಳು ಕಾಶವ್ವ. “ನನಗ ಒಬ್ಬಾಕಿಗಿ ಯಾರು ‘ನೀವು’ ಅಂತಾರ ಸಾಹೇಬ್ರ? ಹುಟ್ಟಿದಾಗಿಂದ ಯಾರೂ ಅಂದಿಲ್ಲ. ಇವರು ‘ನೀವು’ ಅಂದ್ರು, ಮನಿ ಮಂದಿದೆಲ್ಲಾ ಹೇಳೀನಿ. ಆಕಿ ‘ನೀ’ ಅಂದ್ಲು, ನಂದು ಹೇಳೀನಿ.”

ಶಿವಕಾಂತಾಳಿಗೂ ಅದು ಆಗಲೇ ತಿಳಿದದ್ದು. ಜನ ಮರ್ಯಾದೆಗೆ ಅಂಜಿ ಸುಳ್ಳು ಹೇಳುತ್ತಿದ್ದಾರೆ ಅಂತ ತಾನು ಅಂದುಕೊಂಡದ್ದೂ ತಪ್ಪೇ. ಕಾಶವ್ವ ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಸಾಹೇಬರು ಕೊಟ್ಟ ಮರ್ಯಾದೆ ಅವಳಿಗೆ ಮರ್ಯಾದೆ ಅಂತ ಗೊತ್ತೇ ಆಗಿರಲಿಲ್ಲ. ‘ನೀವು’ ಅಂದರೆ ಅವಳ ಕಿವಿಗೆ ಮನೆಯ ನಾಲ್ಕೂ ಮಂದಿ.

ಅಪೇಕ್ಷಾ ಕೈಪಿಡಿ ಮುಚ್ಚಿದಳು. ಮಡಿಲಲ್ಲಿ ಬಟ್ಟಲು ಇಟ್ಟುಕೊಂಡು ನೆಲಕ್ಕೆ ಕೂತಳು. ಅವಳ ಬಾಯಿಗೆ ಆ ಮಾತು ಸಲೀಸಾಗಿ ಬರಲಿಲ್ಲ. “ನೀನು… ನೀನು ಎಂತ ತಿಂದದ್ದು ಅಕ್ಕಾ ನಿನ್ನೆ?”

“ಒಂದ ರೊಟ್ಟಿ. ಪಲ್ಯ ಮುಗದಿತ್ತು, ಖಾರ ಹಚ್ಚಿಕೊಂಡು ಉಂಡೀನಿ. ಸಂಜಿಗಿ ಬೋಗುಣಿ ತಳಕ್ಕಿದ್ದ ಅನ್ನ.”

ಅಪೇಕ್ಷಾ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಯಾವುದರಷ್ಟು ಅಂತ ಕೇಳಿದಳು. ಕಾಶವ್ವ ಬೆರಳಿಟ್ಟು ತೋರಿಸಿದ್ದು ಸಣ್ಣದರಿಂದ ಎರಡನೆಯದು. ಹುಡುಗಿ ‘ಮೂರು’ ಅನ್ನುವುದನ್ನು ಹೊಡೆದು ‘ಒಂದು’ ಅಂತ ಬರೆದಳು.

ಜೀಪು ಸ್ವಾರಗೇಟ್ ದಾಟಿತು. ಸಾಹೇಬರು ಅಂದರು: “ಒಂದ ಶೆಡ್ಡಿನ ಮಾತ ಹಿಡಕೊಂಡು ದೇಶದ ಪ್ರಶ್ನಿ ಬದಲ ಮಾಡಾಕ ಬರೂದಿಲ್ರಿ ಶಿವಕಾಂತಾಬಾಯಿ. ಇವು ಅನಕ್ಷರಸ್ಥ ಮಂದಿ, ಇವರ ಭಾಷಾ ಹಂಗದ. ಬ್ಯಾರೆ ಕಡೆ ಹಿಂಗಿರಲಿಕ್ಕಿಲ್ಲ. ನಾಳೆ ವಿಚಾರ ಮಾಡಿ ಹೇಳ್ತೀನಿ.”

ಅವರು ಹಾಗೆ ಅಂದದ್ದಕ್ಕೆ ಶಿವಕಾಂತಾ ಉರಿದುಹೋದಳು. ಆದರೂ, “ಆಗಲ್ರಿ. ಆದ್ರ ನನ್ನ ಸಹಿ ಹೊಸಾ ಫಾರಮ್ಮಿನ ಮ್ಯಾಲ ಅಷ್ಟ ಇರ್ತದ್ರಿ. ಹಳೇದು ಕಳಸೂದಿದ್ರ ನನ್ನ ಹೆಸರ ಹೊಡದ ಕಳಸ್ರಿ,” ಅಂತಷ್ಟೇ ಹೇಳಿ ಇಳಿದಳು.

ಮಾರನೆಯ ದಿನ ಮಾರ್ತಾಂಡರಾವ್ ಎಂದೂ ಇಲ್ಲದ್ದು ಒಂದು ತಾಸು ತಡವಾಗಿ ಬಂದರು. ಶಿವಕಾಂತಾಳನ್ನು ಒಳಗೆ ಕರೆದರು. ಮೇಜಿನ ಮೇಲೆ ನಲವತ್ತು ಫಾರಂಗಳ ಕಟ್ಟು ಇತ್ತು. ಅವರು ಪೆನ್ನಿನ ಟೊಪ್ಪಿಗೆ ತೆಗೆದು ಮೊದಲನೆಯದರಿಂದ ಸಹಿ ಮಾಡುತ್ತ ಬಂದರು, ಹೊಸ ಫಾರಮ್ಮಿಗೆ. ನಲವತ್ತೂ ಮುಗಿದ ಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು ಬರೆದರು: ಮನೆಯ ಹೆಣ್ಣುಮಗಳನ್ನು ಬೇರೆಯಾಗಿ ಕೂರಿಸಿ, ಆಕೆಯ ಹೆಸರು ಹಿಡಿದು, ಆಕೆ ಒಬ್ಬಳೇ ಏನು ಉಂಡಳೆಂದು ಕಡೆಯಲ್ಲಿ ಕೇಳತಕ್ಕದ್ದು.

ಆ ಸಾಲು ಮುಂದಿನ ವರ್ಷದ ಕೈಪಿಡಿಯಲ್ಲಿ ಅಚ್ಚಾಯಿತು, ಹೊಸಬರಿಗೆ ಅದನ್ನು ಕಲಿಸುವ ಕೆಲಸ ಶಿವಕಾಂತಾಳಿಗೇ ಬಂತು. ಎರಡು ಸಾವಿರದ ಮೂರರಲ್ಲಿ ಗುಡ್ಡದ ಬುಡದ ಕ್ಯಾಂಪಿನಲ್ಲಿ ಅಂಗನವಾಡಿ ತೆರೆಯಿತು. ಅದೆಲ್ಲ ಆಮೇಲಿನ ಮಾತು. ಆ ದಿನ ಆಕೆಗೆ ಬೇಕಾಗಿದ್ದದ್ದು ಬೇರೆ.

“ನಿನ್ನಿ ಬ್ಯಾರೆ ಕಡೆ ಹಿಂಗಿರಲಿಕ್ಕಿಲ್ಲ ಅಂದಿದ್ರಿ ಸಾಹೇಬ್ರ,” ಅಂದಳು.

ಮಾರ್ತಾಂಡರಾವ್ ಪೆನ್ನು ಮುಚ್ಚಿದರು.

“ನಮ್ಮಾಕಿ ಬಿ.ಎ. ಮಾಡ್ಯಾಳ,” ಅಂದರು. “ನಮ್ಮ ಮನ್ಯಾಗ ಯಾವುದಕ್ಕೂ ಕಡಿಮಿ ಇಲ್ಲ. ಲಗ್ನ ಆಗಿ ಮೂವತ್ತೊಂದು ವರ್ಷ ಆತು. ಇವತ್ತ ಮುಂಜಾನೆ ಚಹಾ ಕುಡಿಯೂ ಮುಂದ ಕೇಳಿದೆ, ‘ನಿನ್ನಿ ನೀ ಏನ ಉಂಡಿ?’ ಅಂತ. ಆಕಿ ಗಾಬರಿ ಆಗಿ, ‘ಯಾಕ್ರಿ, ನಿನ್ನಿ ಅಡಗಿ ಕೆಟ್ಟಿತ್ತೇನು?’ ಅಂದ್ಲು.”

ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

“ಈಗ ಮನಿಗಿ ಹೋಗಿ ಆಕಿಗೆ ಏನಂತ ಹೇಳ್ಲಿ, ಶಿವಕಾಂತಾಬಾಯಿ?”

“ಏನೂ ಹೇಳಬ್ಯಾಡ್ರಿ ಸಾಹೇಬ್ರ,” ಅಂದಳು ಶಿವಕಾಂತಾ. “ನಿಮ್ಮ ಊಟ ಆದ ಮ್ಯಾಲ ಕೈ ತೊಳಕೊಂಡು ಎದ್ದ ಹೋಗಬ್ಯಾಡ್ರಿ. ಆಕಿ ಉಣ್ಣೂ ಮಟಾ ಅಲ್ಲೇ ಕುಂಡ್ರಿ.”